ಕಾಲು ಮುಂದು

ಮೂವತ್ತಾರು ವಾರ ಕಳೆದರೂ ಎದ್ದಿಲ್ಲ,
ಸೀಟು ಹಿಡಿದು ಕೂತಿದೆ.
ತಲೆ ನನ್ನ ಪಕ್ಕೆಲುಬಿನ ಕೆಳಗೆ,
ಅಂಡು ಕೆಳಗೆ, ಕಾಲು ಮಡಚಿಕೊಂಡು,
ಮೆಜೆಸ್ಟಿಕ್‌ನಲ್ಲಿ ಹತ್ತಿ ಕೆಂಗೇರಿವರೆಗೂ
ಯಾರಿಗೂ ಜಾಗ ಬಿಡದ ಹೆಂಗಸಿನ ಹಾಗೆ.

ಹನ್ನೊಂದು ವರ್ಷ ಕೂಗಿದ ಗಂಟಲು ನನ್ನದು:
ಒಳಗೆ ಹೋಗ್ರೀ, ಜಾಗ ಇದೆ,
ಇಳಿಯೋರಿಗೆ ದಾರಿ ಬಿಡ್ರೀ.
ರಾತ್ರಿ ಮಂಡಿಯೂರಿ, ಸೊಂಟ ಎತ್ತಿ,
ದಿಂಬಿಗೆ ಕೆನ್ನೆಯಿಟ್ಟು
ಹೊಟ್ಟೆಗೂ ಅದನ್ನೇ ಹೇಳಿದೆ.
ಬಿಕ್ಕಳಿಸಿತು. ತಿರುಗಲಿಲ್ಲ.

ಡಾಕ್ಟರ್ ತಬಸ್ಸುಮ್ ಚೀಟಿಯ ಹಿಂದೆ
ತಲೆಕೆಳಗಾದ ಸೀಬೆಕಾಯಿ ಬರೆದರು,
ಕೆಳಗೊಂದು ಅಡ್ಡಗೆರೆ.
ಇದು ಯಶಿಕಾ ಹುಟ್ಟಿದಾಗ ಕೊಯ್ದ ಜಾಗ.
ನೋವು ಬಂದಾಗ ಈ ಗೆರೆ ಬಿಡಬಹುದು,
ಇನ್ನೂರು ಜನಕ್ಕೆ ಒಬ್ಬರಿಗೆ, ಅಂದಾಜು.
ಕಾಲು ಮುಂದಾದರೆ ತಲೆ ಕೊನೆಗೆ,
ಅಲ್ಲಿ ಕಾಯೋಕೆ ಟೈಮಿಲ್ಲ.
ಹೊರಗಿಂದ ಕೈಯಿಟ್ಟು ತಿರುಗಿಸಿ ನೋಡಬಹುದು, ಬಂದರೆ ಬಂತು.
ಇಲ್ಲ, ಹಳೇ ಗೆರೆಯಲ್ಲೇ ಮತ್ತೆ ಕೊಯ್ಯಬಹುದು.
ಅದಕ್ಕೂ ಲೆಕ್ಕ ಇದೆ: ಮುಂದೆ ಇನ್ನೊಂದು ಬೇಕಂದರೆ
ಮಾಸು ಆ ಗಾಯಕ್ಕೇ ಅಂಟಿ ಕೂರಬಹುದು.

ಇನ್ನೂರು ನನಗೆ ಗೊತ್ತು.
ಬೆಳಗಿನ ಎಂಟೂವರೆಯ ಬಸ್ಸು, ಮೂರು ಟ್ರಿಪ್ಪು.
ಮಲಗಿದರೆ ಎಣಿಕೆ: ಹೂವಿನ ಬುಟ್ಟಿಯವಳು,
ಪೀಣ್ಯದ ಗಾರ್ಮೆಂಟ್ಸ್ ಹುಡುಗಿಯರು,
ಟಿಫಿನ್ ಡಬ್ಬಿ ತಬ್ಬಿ ತೂಕಡಿಸುವ ಟೀಚರು,
ಎಲ್ಲರಿಗೂ ಹರಿದು ಕೊಟ್ಟೆ ಶೂನ್ಯ ಟಿಕೆಟ್ಟು.
ನೂರಾ ತೊಂಬತ್ತೊಂಬತ್ತು ಜನ ಇಳಿದರು.
ಉಳಿದವಳ ಎದೆಯ ಮೇಲೆ
ನನ್ನ ಬ್ಯಾಡ್ಜಿನ ನಂಬರು.

ಏಳು ಹೆತ್ತೆ, ಒಂದು ಕತ್ತರಿ ಕಂಡಿಲ್ಲ, ಅನ್ನುತ್ತಾರೆ ಅತ್ತೆ.
ಉಳಿದದ್ದು ನಾಲ್ಕು. ಅದನ್ನು ಹೇಳುವುದಿಲ್ಲ,
ಗೌರಿಹಬ್ಬಕ್ಕೆ ಬಾಗಿನ ಎಣಿಸುವಾಗ
ಐದರ ಹತ್ತಿರ ಬಾಯಿ ತಪ್ಪುತ್ತದೆ.
ತಿಮ್ಮರಾಜು: ನೀನು ಹೇಗಂದ್ರೆ ಹಾಗೆ.
ಅದು ಪ್ರೀತಿಯೋ, ಜಾರಿಕೊಳ್ಳೋದೋ
ಒಂಬತ್ತು ವರ್ಷವಾದರೂ ಗೊತ್ತಾಗಿಲ್ಲ.

ಹೋದ ಸಲ ಸುಂಕದಕಟ್ಟೆಯ ನರ್ಸಿಂಗ್ ಹೋಮು,
ರಾತ್ರಿ ಎರಡು, ಕರೆಂಟಿಲ್ಲ.
ಜನರೇಟರ್ ಸದ್ದಿನಲ್ಲಿ ಮಾವ ಸಹಿ ಹಾಕಿದ್ದರು.
ನನಗೆ ಗೊತ್ತಾದದ್ದು ಎಚ್ಚರವಾದ ಮೇಲೆ.
ಈ ಸಲ ಪೆನ್ನಿಗೆ ಮುಚ್ಚಳ ಹಾಕಿ ಡಾಕ್ಟರ್ ಕೇಳಿದರು,
ನಿಮಗೇನು ಬೇಕು, ಶಿವಗಂಗಾ?

ದಿನಕ್ಕೆ ಎಂಟುನೂರು ಸಲ
ಎಲ್ಲಿಗೆ ಎಲ್ಲಿಗೆ ಅಂತ ಕೇಳುವವಳು ನಾನು.
ಬಾಯಿಗೆ ಒಂದು ಸ್ಟಾಪಿನ ಹೆಸರೂ ಬರಲಿಲ್ಲ.

ಗುರುವಾರ ತಿರುಗಿಸಿ ನೋಡಿದರು.
ಜೆಲ್ಲು ಹಚ್ಚಿದ ಎರಡು ಕೈ, ಪಕ್ಕದಲ್ಲಿ ಸ್ಕ್ಯಾನಿನ ಪರದೆ.
ಟೋಲ್‌ಗೇಟ್ ಹತ್ತಿರ ಯೂ-ಟರ್ನ್ ಸಿಗದ ಬಸ್ಸಿನಂತೆ
ಅಡ್ಡ ಬಂತು, ನಿಂತಿತು,
ಮತ್ತೆ ಹಳೇ ಜಾಗಕ್ಕೇ. ಎರಡು ಸಲ.
ಸಾಕು ಅಂದೆ. ಅವರು ಕೈ ತೆಗೆದರು.
ನಾನು ಸಾಕು ಅಂದದ್ದಕ್ಕೆ!

ಬುಧವಾರ ಕೊಯ್ಯಿರಿ.
ಎಚ್ಚರವಾಗೇ ಇರ್ತೀನಿ, ಮೊದಲ ಅಳು
ನನ್ನ ಕಿವಿಗೇ ಬೀಳಲಿ.
ಫಾರಂನಲ್ಲಿ ಗಂಡ ಅಥವಾ ತಂದೆ ಅನ್ನುವುದರ ಮೇಲಿನ ಗೆರೆಗೆ
ಟ್ರಿಪ್ ಶೀಟಿನ ಅಕ್ಷರದಲ್ಲಿ ನನ್ನ ಹೆಸರು ಬರೆದೆ.
ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟು
ಅತ್ತದ್ದೂ ಉಂಟು. ಹೆರಿಗೆ ನೋವು ಹೇಗಿರುತ್ತದೆಂದು
ಪೂರ್ತಿ ತಿಳಿಯದೇ ಇದೂ ಮುಗಿಯುತ್ತದಲ್ಲ.

ಡ್ರೈವರ್ ಮುನಿಕೃಷ್ಣಪ್ಪನದು ಬೇರೆಯೇ ಚಿಂತೆ.
ಕಾಲು ಮುಂದಾಗಿ ಹುಟ್ಟಿದೋರು ಒದ್ದರೆ
ಸೊಂಟದ ಹಿಡಿತ ಬಿಡುತ್ತೆ ಅಂತಾರೆ, ಮೇಡಂ.
ಕೊಯ್ದು ತೆಗೆದರೂ ಆ ಗುಣ ಬರುತ್ತಾ?
ಡಾಕ್ಟರನ್ನೇ ಕೇಳಿದೆ. ನಕ್ಕರು:
ನೀವು ಕೊಟ್ಟ ದಾರಿಯಲ್ಲೂ ಮೊದಲು ಅಂಡು, ಕಾಲು.
ತಲೆ ಆಮೇಲೆ.

ಡಿಪೋಗೆ ಫೋನು ಮಾಡಿ ಹೇಳಿದೆ.
ಗೇರು ಹಾಕಿ ಹಾಕಿ ಸವೆದ ಇಪ್ಪತ್ತಾರು ಸೊಂಟಗಳು
ಈಗಲೇ ಸಾಲು ನಿಂತಿವೆಯಂತೆ.
ಮೂರು ತಿಂಗಳು ತಡೀರಪ್ಪ,
ಬರುವಾಗ ಚಿಲ್ಲರೆ ತನ್ನಿ.